ಟೇಪಿನಲ್ಲಿ ಉಳಿದಿದ್ದ ನಲವತ್ತಮೂರು ಸೆಕೆಂಡು

ಟ್ರಿಬ್ಯೂನಲ್‌ನಿಂದ ವಿಚಾರಣೆಯ ಧ್ವನಿಮುದ್ರಣವಿದ್ದ ಆ ಎರಡು ಕ್ಯಾಸೆಟ್‌ಗಳು ಅಂಚೆಯಲ್ಲಿ ಬಂದ ದಿನ ನಮ್ಮ ಕೈಯಲ್ಲಿ ಹತ್ತೊಂಬತ್ತು ದಿನ ಉಳಿದಿದ್ದವು. ತೀರ್ಪು ಕೈಸೇರಿದ ಇಪ್ಪತ್ತೆಂಟು ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು. ಒಂಬತ್ತು ದಿನ ಕ್ಯಾಸೆಟ್‌ಗಾಗಿ ಕಾಯುವುದರಲ್ಲೇ ಹೋಗಿತ್ತು. ಎರಡು ಸಾವಿರದ ಇಸವಿ ದಾಟಿ ಆಗ ನಾಲ್ಕೈದು ವರ್ಷವಾಗಿತ್ತು. ನಾನು ಸಿಡ್ನಿಯ ಪ್ಯಾರಮಟ್ಟಾದ ಒಂದು ಪುಟ್ಟ ವಕೀಲರ ಕಚೇರಿಯಲ್ಲಿ ಸಹಾಯಕಿ. ತುಮಕೂರಿನ ಕೋರ್ಟಿನಲ್ಲಿ ಮೂರು ವರ್ಷ ಕರಿಕೋಟು ಹಾಕಿದ್ದವಳು, ಆದರೆ ಆ ಸನ್ನದು ಇಲ್ಲಿ ನಡೆಯುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಇರುತ್ತಿದ್ದುದು ಬಹುಪಾಲು ನಮ್ಮವರದೇ ಫೈಲುಗಳು. ಅಡುಗೆ ಕೋರ್ಸು, ಅಕೌಂಟಿಂಗ್ ಕೋರ್ಸು ಮುಗಿಸಿ ಪಿಆರ್‌ಗೆ, ಅಂದರೆ ಇಲ್ಲೇ ಕಾಯಮ್ಮಾಗಿ ನೆಲೆಸುವ ಪರವಾನಗಿಗೆ, ಅರ್ಜಿ ಹಾಕುವ ಹುಡುಗ ಹುಡುಗಿಯರು.

ಈ ಫೈಲು ಬೇರೆ ಥರದ್ದು. ಕಕ್ಷಿದಾರ ಮೂವತ್ತೆರಡರ ಗಂಡಸು. ಅವನ ದೇಶದ ಹೆಸರನ್ನು ಬರೆಯುವುದಿಲ್ಲ, ಅವನ ಅಕ್ಕ ಇಂದಿಗೂ ಅಲ್ಲೇ ಇದ್ದಾಳೆ. ಚುನಾವಣೆಗಳು ನಡೆಯುವ, ಆದರೆ ಗೆಲ್ಲುವುದು ಯಾರೆಂದು ಎಲ್ಲರಿಗೂ ಮೊದಲೇ ಗೊತ್ತಿರುವ ದೇಶ ಎಂದರೆ ಸಾಕು. ಅಲ್ಲಿ ಅವನು ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದ. ಒಂದು ಸಂಜೆ ಪೊಲೀಸರು ಅವನನ್ನು ಎಳೆದೊಯ್ದರು. ‘ಸಾರ್ವಜನಿಕ ನೀತಿಗೆ ಭಂಗ’ ಎಂಬ ಸೆಕ್ಷನ್ ಹಾಕಿ ಹನ್ನೊಂದು ತಿಂಗಳು ಜೈಲಿನಲ್ಲಿಟ್ಟರು. ಬಿಡುಗಡೆಯಾದ ಮೇಲೆ ಹೇಗೋ ಸಿಡ್ನಿಗೆ ಬಂದು, ಸಲಿಂಗಿಯಾದ ತನಗೆ ಅಲ್ಲಿ ಉಳಿಗಾಲವಿಲ್ಲವೆಂದು ಆಶ್ರಯ ಕೇಳಿದ. ಸರ್ಕಾರದ ಇಲಾಖೆ ಇಲ್ಲ ಎಂದಿತು. ಮೇಲ್ಮನವಿ ಕೇಳುವ ಟ್ರಿಬ್ಯೂನಲ್ಲೂ ಇಲ್ಲ ಎಂದಿತು.

ಟ್ರಿಬ್ಯೂನಲ್ ಕೊಟ್ಟ ಕಾರಣ ಓದಲು ನಯವಾಗಿತ್ತು. ಆ ಸೆಕ್ಷನ್ ಗಂಡು, ಹೆಣ್ಣು ಎನ್ನದೆ ಎಲ್ಲ ಪ್ರಜೆಗಳಿಗೂ ಸಮಾನ. ಬಹಿರಂಗವಾಗಿ ಅಸಭ್ಯವಾಗಿ ನಡೆದುಕೊಂಡ ಯಾರನ್ನಾದರೂ ಅದು ಶಿಕ್ಷಿಸುತ್ತದೆ. ಸಲಿಂಗಿಗಳೆಂಬ ಮಾತೇ ಅದರಲ್ಲಿಲ್ಲ. ತನ್ನನ್ನು ಒಂದು ಪಾರ್ಟಿಯಲ್ಲಿ ಹಿಡಿದರು ಎಂದು ಅರ್ಜಿದಾರನೇ ಹೇಳಿದ್ದಾನೆ. ಗಂಡಸೊಬ್ಬನ ಜೊತೆ ಬಾಳಿದ್ದರ ಬಗ್ಗೆ ವಿಚಾರಣೆಯಲ್ಲಿ ಸ್ಪಷ್ಟವಾಗಿ ಏನನ್ನೂ ಹೇಳಿಲ್ಲ. ಆದ್ದರಿಂದ ಇದು ಕಿರುಕುಳವಲ್ಲ, ಸಾಮಾನ್ಯ ಕಾನೂನಿನ ಸಾಮಾನ್ಯ ಶಿಕ್ಷೆ.

ಅದನ್ನು ಓದಿದಾಗಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ನಮ್ಮ ದಂಡಸಂಹಿತೆಯಲ್ಲೂ ಇಂಗ್ಲಿಷರು ಬಿಟ್ಟುಹೋದ ಒಂದು ಸೆಕ್ಷನ್ ಆಗ ಇನ್ನೂ ಜೀವಂತವಾಗಿತ್ತು. ತುಮಕೂರಿನ ಮೂರು ವರ್ಷದಲ್ಲಿ ಅದರಡಿ ಒಂದು ವಿಚಾರಣೆಯನ್ನೂ ನಾನು ನೋಡಲಿಲ್ಲ. ನೋಡಿದ್ದು ಇಷ್ಟೇ. ಠಾಣೆಯ ಬೆಂಚಿನ ಮೇಲೆ ತಲೆತಗ್ಗಿಸಿ ಕುಳಿತ ಇಬ್ಬರು ಗಂಡಸರು, ಕಾಗದದ ಮೇಲೆ ಏನನ್ನೂ ಬರೆಯದೆ ಬರೀ ಸೆಕ್ಷನ್ನಿನ ನಂಬರು ಹೇಳಿ ನಗುತ್ತಿದ್ದ ಇನ್ಸ್‌ಪೆಕ್ಟರ್. ಕಾನೂನಿನಲ್ಲಿ ಬರೆದಿರುವುದು ಒಂದು, ಅದರಿಂದ ಮಾಡಿಸಿಕೊಳ್ಳುವ ಕೆಲಸ ಇನ್ನೊಂದು ಎಂಬುದು ನನಗೆ ಅಲ್ಲೇ ಗೊತ್ತಾಗಿತ್ತು. ಅವತ್ತು ನಾನು ಬೇರೆ ಯಾವುದೋ ಜಾಮೀನಿನ ಕೆಲಸಕ್ಕೆ ಹೋಗಿದ್ದೆ. ಕೆಲಸ ಮುಗಿಸಿಕೊಂಡು ಹೊರಟುಬಂದಿದ್ದೆ.

ನಮ್ಮ ಕಚೇರಿಯ ಸಾಲಿಸಿಟರ್ ಅರವತ್ತರ ಆಸುಪಾಸಿನ, ಕೆಮ್ಮುತ್ತಲೇ ಮಾತಾಡುವ ಆಸ್ಟ್ರೇಲಿಯನ್ ಹೆಂಗಸು. ಕ್ಯಾಸೆಟ್‌ಗಳನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದರು: “ಇಂಗ್ಲಿಷ್ ಭಾಗವನ್ನೆಲ್ಲ ಅಕ್ಷರಕ್ಕಕ್ಷರ ಟೈಪ್ ಮಾಡು. ನೆನಪಿರಲಿ, ಕೋರ್ಟು ಅವನ ಕಥೆಯನ್ನು ಮತ್ತೆ ಕೇಳುವುದಿಲ್ಲ. ಟ್ರಿಬ್ಯೂನಲ್ ವಿಚಾರಣೆ ನಡೆಸಿದ ರೀತಿಯಲ್ಲಿ ತಪ್ಪಾಗಿದೆಯೇ ಎಂದಷ್ಟೇ ನೋಡುತ್ತದೆ. ನನಗೆ ಆ ತಪ್ಪು ಬೇಕು.”

ಕಾಲಿನಲ್ಲಿ ಒತ್ತುವ ಪೆಡಲ್ ಇರುವ ಯಂತ್ರ ನಮ್ಮದು. ಒತ್ತಿದರೆ ಟೇಪು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿ ಊರಿದರೆ ತುಸು ಹಿಂದಕ್ಕೆ ಹೋಗುತ್ತದೆ. ಮೂರು ದನಿಗಳಿದ್ದವು. ಪ್ರಶ್ನೆ ಕೇಳುವ ಟ್ರಿಬ್ಯೂನಲ್ ಸದಸ್ಯ, ನಮ್ಮ ಕಕ್ಷಿದಾರ, ನಡುವೆ ದುಭಾಷಿ. ಕಕ್ಷಿದಾರನ ಭಾಷೆ ನನಗೆ ಒಂದಕ್ಷರವೂ ಬರುವುದಿಲ್ಲ. ಅವನು ಮಾತಾಡುವಾಗ ಸುಮ್ಮನೆ ಪೆಡಲ್ ಒತ್ತಿಕೊಂಡು ಇಂಗ್ಲಿಷ್ ಬರುವುದನ್ನು ಕಾಯುತ್ತಿದ್ದೆ. ಎರಡನೆಯ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಆ ಕಾಯುವಿಕೆ ಬಹಳ ಉದ್ದವಾಯಿತು. ಅವನು ಮಾತಾಡುತ್ತಲೇ ಹೋದ. ನಡುವೆ ಉಸಿರೆಳೆದುಕೊಂಡ, ದನಿ ಒಡೆಯಿತು, ಮತ್ತೆ ಮುಂದುವರಿಸಿದ. ಆಮೇಲೆ ದುಭಾಷಿಯ ಇಂಗ್ಲಿಷ್ ಬಂತು: “ಅವರ ಕೆಲಸದ ಬಗ್ಗೆ, ಸ್ನೇಹಿತರ ಬಗ್ಗೆ ಪೊಲೀಸರು ವಿಚಾರಿಸಿದರು.”

ಅಷ್ಟೇ. ಸದಸ್ಯ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದ.

ಶನಿವಾರ ಮಧ್ಯಾಹ್ನ ಗಿರಾವೀನ್‌ನ ನಮ್ಮ ಬಾಡಿಗೆ ಮನೆಗೆ ಆ ಯಂತ್ರವನ್ನೇ ಹೊತ್ತುಕೊಂಡು ಬಂದೆ. ನನ್ನ ಗಂಡ ಮ್ಯಾಕ್ವೆರಿ ಪಾರ್ಕಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದರು. ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದವರು ತಿರುಗಿ ನೋಡಿದರು.

“ಏನೇ ಇದು, ವೀಕೆಂಡಲ್ಲೂ ಆ ಟೇಪಾ? ಪಿಆರ್ ಫೈಲ್ಸ್ ಮಾಡ್ಕೊಂಡ್ ಆರಾಮಾಗಿದ್ದೆ. ಇಂಥ ಕೇಸ್ ಎಲ್ಲಾ ಯಾಕ್ ತಲೆಗ್ ಹಚ್ಕೋತೀಯ? ನಮ್ ಜನಕ್ಕೆ ಗೊತ್ತಾದ್ರೆ ನೂರ್ ಪ್ರಶ್ನೆ ಕೇಳ್ತಾರೆ.”

“ಕೇಳ್ಲಿ ಬಿಡಿ. ಒಂದ್ ನಿಮಿಷ ಆ ಟಿವಿ ಮ್ಯೂಟ್ ಮಾಡಿ. ಇವ್ನು ಎಷ್ಟೊತ್ತು ಮಾತಾಡ್ತಾನೆ, ಆ ಇಂಟರ್‌ಪ್ರಿಟರ್ ಎಷ್ಟ್ ಹೇಳ್ತಾನೆ, ಸುಮ್ನೆ ಕೇಳಿ.”

ಕೇಳಿದರು. ಇನ್ನೊಂದು ಸಲ ಹಾಕು ಎಂದರು. ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ತೆಗೆದು ಎಣಿಸಿದರು. ಇವನ ಮಾತು ನಲವತ್ತಮೂರು ಸೆಕೆಂಡು. ಇಂಗ್ಲಿಷ್ ನಾಲ್ಕು ಸೆಕೆಂಡು.

“ಇದೊಂದೇ ಇಟ್ಕೊಂಡ್ ಹೋದ್ರೆ ಆಕಸ್ಮಿಕ ಅಂತಾರೆ,” ಎಂದರು. “ಶುರುವಿಂದ ಎಲ್ಲಾದಕ್ಕೂ ಲಾಗ್ ಹಾಕು. ಯಾವ್ ನಿಮಿಷಕ್ಕೆ, ಯಾರು, ಎಷ್ಟ್ ಸೆಕೆಂಡ್. ಪ್ಯಾಟರ್ನ್ ಇದ್ರೆ ಕಾಣತ್ತೆ.”

ಭಾನುವಾರ ಪೂರ್ತಿ ಇಬ್ಬರೂ ಅದನ್ನೇ ಮಾಡಿದೆವು. ಹೆಚ್ಚಿನ ಉತ್ತರಗಳಲ್ಲಿ ಎರಡೂ ಭಾಷೆಯ ಉದ್ದ ಸರಿಸುಮಾರು ಒಂದೇ. ಊರು, ಓದು, ಪತ್ರಿಕೆಯ ಕೆಲಸ, ವಿಮಾನದ ದಾರಿ ಇವೆಲ್ಲ ಸರಿಯಾಗಿಯೇ ದಾಟಿ ಬಂದಿದ್ದವು. ಉದ್ದ ಕುಸಿಯುತ್ತಿದ್ದುದು ಆರು ಕಡೆ ಮಾತ್ರ. ಆ ಆರೂ ಪ್ರಶ್ನೆಗಳು ಬಂಧನದ ಬಗ್ಗೆ ಇಲ್ಲವೇ ಮನೆಯಲ್ಲಿ ಜೊತೆಗಿದ್ದವನ ಬಗ್ಗೆ.

ದುಭಾಷಿಯ ಮೇಲೆ ಸಿಟ್ಟು ಬರಬೇಕಿತ್ತು. ಪೂರ್ತಿ ಬರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಒಬ್ಬ ಕನ್ನಡದ ಅಜ್ಜಿಗೆ ಆಸ್ಪತ್ರೆಯಲ್ಲಿ ನಾನು ದುಭಾಷಿಯಾಗಿ ಹೋಗಿದ್ದೆ. ಡಾಕ್ಟರು ಕ್ಯಾನ್ಸರ್ ಎಂದು ನೇರವಾಗಿ ಹೇಳಿದ್ದನ್ನು ನಾನು ಗಡ್ಡೆ ಎಂದಿದ್ದೆ. ಅಜ್ಜಿ ಗಡ್ಡೆ ಕರಗಲು ಪಥ್ಯ ಏನು ಎಂದು ಕೇಳಿದ್ದರು. ನಾಲಿಗೆ ತಾನಾಗಿ ಮಾತನ್ನು ಮೆತ್ತಗೆ ಮಾಡುವುದು ಹೇಗೆಂದು ನನಗೆ ಗೊತ್ತು. ಆ ದುಭಾಷಿ ನಾಚಿಕೆಯಿಂದ ಹಾಗೆ ಮಾಡಿದನೋ, ಹೆದರಿಕೆಯಿಂದಲೋ, ಇನ್ನೇನಾದರೂ ಇತ್ತೋ, ಕೊನೆಗೂ ತಿಳಿಯಲಿಲ್ಲ.

ಸೋಮವಾರ ಕಕ್ಷಿದಾರನಿಗೆ ಫೋನ್ ಮಾಡಿ ಕೇಳಿದೆ: ಎರಡನೆಯ ಟೇಪಿನಲ್ಲಿ, ಪೊಲೀಸ್ ಠಾಣೆಯ ಬಗ್ಗೆ ಕೇಳಿದಾಗ ನೀನು ಏನು ಹೇಳಿದ್ದೆ? ಅವನ ಇಂಗ್ಲಿಷ್ ತುಂಡು ತುಂಡು.

“ಅಲ್ಲಿ ಹೇಳಿದ್ದೇನೆ. ಒಂದು ಸಲ ಹೇಳಿದ್ದೇನೆ. ಅವರು ಕೇಳಿದ್ದಾರೆ. ಇನ್ನೊಂದು ಸಲ ಹೇಳುವುದಿಲ್ಲ.”

“ಅದು ಇಂಗ್ಲಿಷಿಗೆ ಪೂರ್ತಿ ಬಂದಿಲ್ಲವೇನೋ ಅನ್ನುವ ಅನುಮಾನ ನನಗೆ.”

“ಅವರು ಕೇಳಿದ್ದಾರೆ,” ಎಂದು ಫೋನಿಟ್ಟ.

ಸಾಲಿಸಿಟರ್ ನಮ್ಮ ಸೆಕೆಂಡುಗಳ ಪಟ್ಟಿಯನ್ನು, ಕೋರ್ಟಿನಲ್ಲಿ ವಾದಿಸಬೇಕಿದ್ದ ಬ್ಯಾರಿಸ್ಟರ್‌ಗೆ ಫ್ಯಾಕ್ಸ್ ಮಾಡಿದರು. ಮಧ್ಯಾಹ್ನಕ್ಕೆ ಉತ್ತರ ಬಂತು. ಸೆಕೆಂಡು ಎಣಿಸಿ ಯಾರೂ ಕೇಸು ಗೆಲ್ಲುವುದಿಲ್ಲ, ಬಿಟ್ಟುಹೋದ ಮಾತು ಏನು, ಅದು ತೀರ್ಪನ್ನು ಬದಲಿಸುವಂಥದ್ದೇ, ಅದನ್ನು ತಿಳಿಸುವ ಅಫಿಡವಿಟ್ ತನ್ನಿ. ಅಫಿಡವಿಟ್ ಕೊಡಲು ಆ ಭಾಷೆಯ ಮಾನ್ಯತೆ ಪಡೆದ ಅನುವಾದಕರು ಬೇಕು. ಸಿಡ್ನಿಯಲ್ಲಿ ಅಂಥವರು ಬೆರಳೆಣಿಕೆಯಷ್ಟು. ಟೇಪಿನಲ್ಲಿದ್ದ ದುಭಾಷಿಯೇ ಅವರಲ್ಲೊಬ್ಬ, ಮಿಕ್ಕವರೆಲ್ಲ ಅವನ ಪರಿಚಯದವರು. ತಮ್ಮ ಜನರ ಕಿವಿಗೆ ಬೀಳಬಾರದೆಂದು ಕಕ್ಷಿದಾರ ನಮ್ಮ ಕಚೇರಿಗೆ ಬರುವಾಗಲೂ ಹಿಂದಿನ ಬೀದಿಯಿಂದ ಸುತ್ತಿಕೊಂಡು ಬರುತ್ತಿದ್ದ. ನಾಲ್ಕು ದಿನ ಫೋನು ಮಾಡಿ ಮಾಡಿ ಕೊನೆಗೆ ಮೆಲ್ಬರ್ನ್‌ನಲ್ಲಿ ಒಬ್ಬರು ಸಿಕ್ಕರು. ತಮ್ಮ ದೇಶದಲ್ಲಿ ಕೋರ್ಟಿನ ಗುಮಾಸ್ತೆಯಾಗಿದ್ದು, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದ ಹೆಂಗಸು. ಟೇಪನ್ನು ಅಂಚೆಯಲ್ಲಿ ಕಳಿಸಬೇಡಿ, ಯಾರಾದರೂ ತೆಗೆದುಕೊಂಡು ಬನ್ನಿ ಎಂದರು. ಸಾಲಿಸಿಟರ್‌ಗೆ ಬೇರೆ ಕೇಸಿನ ವಿಚಾರಣೆ ಇತ್ತು. ನಾನೇ ಹೊರಟೆ. ಆಗ ಉಳಿದಿದ್ದುದು ಒಂಬತ್ತು ದಿನ.

ಮೆಲ್ಬರ್ನ್‌ನಲ್ಲಿ ಅವತ್ತು ಮೂಗು ಕತ್ತರಿಸುವ ಚಳಿ. ಟ್ರಾಮ್ ಇಳಿದು ಬ್ರನ್ಸ್‌ವಿಕ್‌ನ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದಾಗ ಹನ್ನೊಂದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಜೋಡಿಸಿದೆ. ಅನುವಾದಕಿ ಮೊದಲು ತೀರ್ಪನ್ನು ಓದಿದರು. ಆ ಸೆಕ್ಷನ್ನಿನ ಹೆಸರು ಬಂದಲ್ಲಿ ಬೆರಳು ನಿಲ್ಲಿಸಿ ನಕ್ಕರು. ಅದು ಸಂತೋಷದ ನಗುವಾಗಿರಲಿಲ್ಲ.

“ಎಲ್ಲರಿಗೂ ಸಮಾನ ಅಂತ ಬರೆದಿದ್ದಾರೆ. ಸರಿಯಾಗೇ ಇದೆ,” ಎಂದರು. “ನಾನು ಗುಮಾಸ್ತೆಯಾಗಿದ್ದಾಗ ಇದೇ ಸೆಕ್ಷನ್ನನ್ನು ಬೀದಿ ಹಾಡುಗಾರರ ಮೇಲೆ ಹಾಕುತ್ತಿದ್ದರು. ಆಮೇಲೆ ಮೆರವಣಿಗೆ ಮಾಡಿದ ವಿದ್ಯಾರ್ಥಿನಿಯರ ಮೇಲೆ. ರಾಜಕೀಯದ ಕೇಸು ಹಾಕಿದರೆ ಹೊರದೇಶದ ಪತ್ರಿಕೆಗಳು ಕೇಳುತ್ತವೆ, ಸಿಕ್ಕಿಬಿದ್ದವನು ವೀರನಾಗುತ್ತಾನೆ. ಇದನ್ನು ಹಾಕಿದರೆ ಅವನ ತಾಯಿಯೂ ಜೈಲಿಗೆ ಬಂದು ನೋಡುವುದಿಲ್ಲ. ಸಲಿಂಗಿ ಗಂಡಸರಂತೂ ಅವರಿಗೆ ಬಹಳ ಅನುಕೂಲ. ಇವರನ್ನು ಹಿಡಿದರೆ ಜನ ಚಪ್ಪಾಳೆ ತಟ್ಟುತ್ತಾರೆ.”

ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಒತ್ತಿದರು. ಮೊದಲ ಕ್ಯಾಸೆಟ್ಟಿನಲ್ಲೇ ಒಂದು ಸಿಕ್ಕಿತು. ಕಕ್ಷಿದಾರ ಹೇಳಿದ್ದು ‘ಬಾಗಿಲು ಹಾಕಿಕೊಂಡಿದ್ದ ನನ್ನ ಮನೆಯಲ್ಲಿ, ಊಟಕ್ಕೆ ಕುಳಿತಿದ್ದಾಗ’. ದುಭಾಷಿ ಹೇಳಿದ್ದು ‘ಒಂದು ಪಾರ್ಟಿಯಲ್ಲಿ’. ಇಷ್ಟು ಸಾಕಾಗಬಹುದು ಎಂದು ನನ್ನ ಮೈ ಹಗುರಾಯಿತು. ಎರಡನೆಯ ಕ್ಯಾಸೆಟ್ ಹಾಕಿದರು. ಆ ಜಾಗ ಬಂತು. ಅವರ ಪೆನ್ನು ಓಡುತ್ತಿದ್ದುದು ನಿಂತಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ಇಲ್ಲಿ ಒಂದು ಹೆಸರಿದೆ,” ಎಂದರು. “ನಿಮ್ಮ ಕೇಸಿಗೆ ಬೇಕಾದ್ದೆಲ್ಲ ಈ ಮಾತಿನಲ್ಲೇ ಇದೆ. ಆದರೆ ಇದನ್ನು ಇಂಗ್ಲಿಷಿಗೆ ತಂದ ಮೇಲೆ ವಾಪಸು ತೆಗೆದುಕೊಳ್ಳಲಾಗುವುದಿಲ್ಲ. ಮೊದಲು ಅವನನ್ನು ಕೇಳಬೇಕು.”

“ನಮಗೆ ಒಂಬತ್ತೇ ದಿನ ಇದೆ. ಏನು ಹೇಳಿದ್ದಾನೆ, ನನಗಾದರೂ ಹೇಳಿ.”

“ಇಲ್ಲ. ಅವನನ್ನು ಕೇಳದೆ ನಿಮಗೂ ಹೇಳುವುದಿಲ್ಲ. ಫೋನ್ ಹಾಕಿ.”

ಕಕ್ಷಿದಾರ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದ. ಊಟದ ವಿರಾಮದವರೆಗೆ ಕಾದು ಫೋನ್ ಮಾಡಿದೆವು. ಅನುವಾದಕಿ ಅವನ ಜೊತೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರು. ನಾನು ಎದುರು ಕುಳಿತು ಅವರ ಮುಖವನ್ನೇ ನೋಡುತ್ತಿದ್ದೆ, ಒಂದು ಪದವೂ ಅರ್ಥವಾಗದೆ. ಆಮೇಲೆ ಅವರು ಫೋನನ್ನು ನನ್ನ ಕೈಗೆ ಕೊಟ್ಟರು.

“ಅವರು ಕೇಳಿಸಿಕೊಂಡಿರಲೇ ಇಲ್ಲವಾ?” ಎಂದ ಕಕ್ಷಿದಾರ. “ನಾನು ಹೇಳಿದ್ದು ಅವರಿಗೆ ತಲುಪಲೇ ಇಲ್ಲವಾ?”

“ಇಲ್ಲ.”

“ನಾನು ಅಂದುಕೊಂಡೆ, ಅವರಿಗೆ ಗೊತ್ತಾಯಿತು, ನಾನು ಎಂಥವನು ಅಂತ ಗೊತ್ತಾಗಿ ಬೇಡ ಅಂದರು ಅಂತ. ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ.” ಹಿಂದೆ ಯಾವುದೋ ಗಾಡಿ ಹಿಮ್ಮುಖವಾಗಿ ಬರುವ ಸದ್ದು ಬೀಪ್ ಬೀಪ್ ಎನ್ನುತ್ತಿತ್ತು. “ನನಗೆ ಒಂದು ಗಂಟೆ ಕೊಡಿ.”

ಆ ಒಂದು ಗಂಟೆ ನಾನು ಬ್ರನ್ಸ್‌ವಿಕ್‌ನ ಬೀದಿಗಳಲ್ಲಿ ಸುತ್ತಿದೆ. ಒಂದು ಬೇಕರಿಯೊಳಗೆ ಹೋಗಿ ಏನೂ ಕೊಳ್ಳದೆ ಹೊರಬಂದೆ. ಟ್ರಾಮ್ ನಿಲ್ದಾಣದ ಬೆಂಚಿನಲ್ಲಿ ಕೂತು, ಎದ್ದು, ಮುಂದಿನ ನಿಲ್ದಾಣದವರೆಗೆ ನಡೆದು ಮತ್ತೆ ಕೂತೆ. ನನ್ನ ಬುದ್ಧಿಯ ಒಂದು ಭಾಗ ಲೆಕ್ಕ ಹಾಕುತ್ತಿತ್ತು. ಅವನು ಬೇಡ ಎಂದರೆ ಬಾಗಿಲು ಮತ್ತು ಊಟದ ಮಾತು ಇದೆಯಲ್ಲ, ಅದಿಷ್ಟರ ಮೇಲೆ ಅಫಿಡವಿಟ್ ಮಾಡಬಹುದೇ? ಸಾಲಿಸಿಟರ್‌ಗೆ ಫೋನ್ ಮಾಡಿದೆ. “ಅದಿಷ್ಟೇ ಆದರೆ ಸೋಲುವ ಸಾಧ್ಯತೆ ಹೆಚ್ಚು,” ಎಂದರು. “ಆದರೆ ಅವನನ್ನು ಒತ್ತಾಯಿಸಬೇಡ. ಅವನನ್ನು ಒತ್ತಾಯಿಸಿದವರು ಈಗಾಗಲೇ ಸಾಕಷ್ಟು ಜನ ಇದ್ದಾರೆ,” ಎಂದು ಕೆಮ್ಮಿದರು.

ಗಂಟೆ ತುಂಬುವ ಮೊದಲೇ ಅವನೇ ಫೋನ್ ಮಾಡಿದ. “ಬರೆಯಿರಿ,” ಎಂದ. “ಅವನ ಹೆಸರು ತೆಗೆಯಿರಿ. ಬೇರೆ ಏನನ್ನೂ ತೆಗೆಯಬೇಡಿ. ನಾನು ಮಾಡಿದ್ದನ್ನೂ ಬರೆಯಿರಿ. ಕಡಿಮೆ ಮಾಡಬೇಡಿ.”

ಅನುವಾದಕಿ ಕೈಬರಹದಲ್ಲಿ ಬರೆದುಕೊಟ್ಟರು. ಹೆಸರಿದ್ದ ಕಡೆ ಎಕ್ಸ್ ಎಂಬ ಅಕ್ಷರ ಹಾಕಿದರು. ಆಶ್ರಯ ಕೇಳಿದವರ ಹೆಸರನ್ನು ಇಲ್ಲಿನ ಕೋರ್ಟುಗಳೂ ಬರೆಯುವುದಿಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ನಾನು ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ.

‘ಅಧಿಕಾರಿ ಹೇಳಿದ: ನಿಮ್ಮಂಥವರ ಹೆಸರಿನಲ್ಲಿ ನಮ್ಮಲ್ಲಿ ಕಾನೂನಿಲ್ಲ, ನಮಗೆ ಬೇಕಾಗಿಯೂ ಇಲ್ಲ. ಸಂಪಾದಕನ ವಿರುದ್ಧ ಈ ಹೇಳಿಕೆಗೆ ಸಹಿ ಹಾಕು. ಆಗದಿದ್ದರೆ ನಿನ್ನ ಜೊತೆ ಮಲಗುವವನ ಹೆಸರು ಬರೆ. ನಾನು ಸಂಪಾದಕರ ವಿರುದ್ಧ ಸಹಿ ಹಾಕಲಿಲ್ಲ. ಹೊಡೆದರು. ಮೂರನೆಯ ದಿನ ಎಕ್ಸ್‌ನ ಹೆಸರು ಬರೆದೆ. ನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದೆವು. ನನ್ನ ಕೈಯಿಂದಲೇ ಬರೆದೆ. ಅವನನ್ನೂ ಹಿಡಿದರು. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.’

ಇಷ್ಟು ಮಾತು ನಾಲ್ಕು ಸೆಕೆಂಡಿಗೆ ಇಳಿದಿತ್ತು.

ಅಫಿಡವಿಟ್ಟಿನ ಕೊನೆಯಲ್ಲಿ ಅನುವಾದಕಿ ತಮ್ಮ ಪೂರ್ತಿ ಹೆಸರು, ವಿಳಾಸ ಬರೆಯಬೇಕಿತ್ತು. ಅವರ ತಂಗಿ ಅದೇ ದೇಶದಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯಿನಿ. ಪೆನ್ನನ್ನು ಹಿಡಿದು ಕಿಟಕಿಯ ಕಡೆ ನೋಡುತ್ತ ಕುಳಿತರು. ಬರೆಯಿರಿ ಎನ್ನುವ ಹಕ್ಕು ನನಗಿರಲಿಲ್ಲ. “ಗುಮಾಸ್ತೆಯಾಗಿದ್ದಾಗ ಆ ಸೆಕ್ಷನ್ನಿನ ಆರೋಪಪಟ್ಟಿಗಳನ್ನು ಟೈಪ್ ಮಾಡುತ್ತಿದ್ದವಳು ನಾನೇ,” ಎಂದರು. ಆಮೇಲೆ ಬರೆದರು.

ಸಹಿಯನ್ನು ಅಧಿಕೃತ ಸಾಕ್ಷಿಯ ಎದುರು ಮಾಡಬೇಕಿತ್ತು. ಹತ್ತಿರದ ಔಷಧಿ ಅಂಗಡಿಯವರಿಗೆ ಆ ಅಧಿಕಾರವಿತ್ತು. ಅಂಗಡಿ ಮುಚ್ಚುವುದಕ್ಕೆ ಇಪ್ಪತ್ತು ನಿಮಿಷವಿರುವಾಗ ಇಬ್ಬರೂ ಓಡಿದೆವು. ಕೆಮ್ಮಿನ ಔಷಧಿ ಕೊಳ್ಳುವವರ ಸಾಲಿನಲ್ಲಿ ನಿಂತು, ಪ್ರತಿ ಪುಟದ ಕೆಳಗೂ ಅನುವಾದಕಿಯ ಸಹಿ, ಅಂಗಡಿಯವರ ಸಹಿ ಹಾಕಿಸಿದೆ. ಕ್ಯಾಸೆಟ್‌ಗಳ ಪ್ರತಿಗಳನ್ನೂ ಅಫಿಡವಿಟ್‌ಗೆ ಲಗತ್ತಿಸಿ ಗುರುತು ಹಾಕಬೇಕು ಎಂಬುದು ಆ ಆತುರದಲ್ಲಿ ಮರೆತೇ ಹೋಗಿತ್ತು. ಸಿಡ್ನಿಗೆ ಬಂದ ಮೇಲೆ ಸಾಲಿಸಿಟರ್ ಅದನ್ನು ಕಂಡುಹಿಡಿದು ಹಣೆ ಒತ್ತಿಕೊಂಡರು. ಮತ್ತೆ ಕೊರಿಯರ್, ಮತ್ತೆ ಆ ಔಷಧಿ ಅಂಗಡಿ, ಮತ್ತೆ ಸಹಿ. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಕೋರ್ಟಿನ ಕೌಂಟರಿನಲ್ಲಿ ಮುದ್ರೆ ಬಿತ್ತು. ಆ ದಿನ ಮನೆಗೆ ಹೋಗುವ ರೈಲಿನಲ್ಲಿ ನನ್ನ ಸಬರ್ಬ್ ದಾಟಿ ಎರಡು ನಿಲ್ದಾಣ ಮುಂದೆ ಹೋದ ಮೇಲೆ ಎಚ್ಚರವಾಯಿತು.

ಕೋರ್ಟಿನಲ್ಲಿ ದೊಡ್ಡ ವಾದ ನಡೆಯುತ್ತದೆ, ನಾನು ಹಿಂದೆ ಕುಳಿತು ಕೇಳುತ್ತೇನೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅಫಿಡವಿಟ್ ಓದಿದ ಸರ್ಕಾರದ ವಕೀಲರು ಕೆಲವು ತಿಂಗಳ ನಂತರ ಒಂದು ಪುಟದ ಪತ್ರ ಕಳಿಸಿದರು. ವಿಚಾರಣೆ ಸರಿಯಾಗಿ ನಡೆದಿಲ್ಲವೆಂದು ಒಪ್ಪುತ್ತೇವೆ, ಮರುವಿಚಾರಣೆಗೆ ನಮ್ಮ ತಕರಾರಿಲ್ಲ. ನ್ಯಾಯಾಧೀಶರು ಐದು ನಿಮಿಷದಲ್ಲಿ ಆದೇಶ ಮಾಡಿದರು.

ಎರಡನೆಯ ವಿಚಾರಣೆಗೆ ಬೇರೆ ಸದಸ್ಯೆ. ದುಭಾಷಿ ಮೆಲ್ಬರ್ನ್‌ನಿಂದ ವಿಡಿಯೋ ಪರದೆಯಲ್ಲಿದ್ದ ಒಬ್ಬ ಯುವತಿ. ನಾನು ಕಕ್ಷಿದಾರನ ಹಿಂದಿನ ಕುರ್ಚಿಯಲ್ಲಿದ್ದೆ. ಠಾಣೆಯ ಪ್ರಶ್ನೆ ಬಂದಾಗ ಅವನು ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದ. ಪ್ರತಿ ವಾಕ್ಯ ಇಂಗ್ಲಿಷಿಗೆ ಬಂದು ಮುಗಿಯುವವರೆಗೆ ಪರದೆಯನ್ನೇ ನೋಡುತ್ತಿದ್ದ. ಅವನ ಅಲ್ಪ ಇಂಗ್ಲಿಷಿನಲ್ಲಿ ತಾಳೆ ನೋಡಿಕೊಂಡು ತಲೆಯಾಡಿಸಿ ಮುಂದಿನದಕ್ಕೆ ಹೋಗುತ್ತಿದ್ದ. ‘ನನ್ನ ಕೈಯಿಂದಲೇ ಬರೆದೆ’ ಎನ್ನುವಲ್ಲಿ ಯುವತಿಯ ದನಿ ತಡವರಿಸಿತು, ಆದರೆ ಆಕೆ ಅದನ್ನು ಪೂರ್ತಿ ಹೇಳಿದಳು. ಸದಸ್ಯೆ ಬರೆಯುವುದನ್ನು ನಿಲ್ಲಿಸಿ ಕೇಳಿದರು: “ಸಂಪಾದಕರ ವಿರುದ್ಧ ಸಹಿ ಹಾಕಿದ್ದರೆ ನಿಮ್ಮನ್ನು ಬಿಡುತ್ತಿದ್ದರೇ?”

“ಬಿಡುತ್ತಿದ್ದರು. ಆಗ ನಾನು ಒಳ್ಳೆಯ ಪ್ರಜೆ,” ಎಂದ.

ಆರು ವಾರದ ಮೇಲೆ ತೀರ್ಪು ಬಂತು. ಎಲ್ಲರಿಗೂ ಸಮಾನವೆಂದು ಬರೆದ ಕಾನೂನು ಆಯ್ದ ಜನರ ಮೇಲೆ, ಆಯ್ದ ಉದ್ದೇಶಕ್ಕೆ ಬಳಕೆಯಾದಾಗ ಅದು ಸಾಮಾನ್ಯ ಕಾನೂನಾಗಿ ಉಳಿಯುವುದಿಲ್ಲ ಎಂಬ ಅರ್ಥದ ಒಂದು ಪ್ಯಾರಾ ಅದರಲ್ಲಿತ್ತು. ಅವನಿಗೆ ಆಶ್ರಯ ಸಿಕ್ಕಿತು. ಸಾಲಿಸಿಟರ್ ಕಚೇರಿಯ ಎಲ್ಲರಿಗೂ ಕೇಕ್ ತಂದರು. ಕಕ್ಷಿದಾರ ಒಂದು ಚೂರು ತಿಂದು, ಎಲ್ಲರ ಕೈಕುಲುಕಿ, ಅವತ್ತು ಮೊದಲ ಸಲ ಮುಂಬಾಗಿಲಿನಿಂದ ರಸ್ತೆಗೆ ಇಳಿದುಹೋದ.

ಮರುವರ್ಷ ಅವನು ಕಾಗದಪತ್ರಗಳ ನಕಲು ಬೇಕೆಂದು ಒಮ್ಮೆ ಬಂದ. ಈಗ ಅಕ್ಕನ ಜೊತೆ ಆಗಾಗ ಮಾತಾಡಬಹುದಾಗಿತ್ತಂತೆ. ನಕಲು ತೆಗೆಯುವ ಯಂತ್ರ ಓಡುತ್ತಿರುವಾಗ ನನ್ನ ಪಕ್ಕ ನಿಂತು ಹೇಳಿದ. ಅವನ ಜೊತೆಗಾರ ಬದುಕಿದ್ದಾನೆ, ಶಿಕ್ಷೆ ಮುಗಿಸಿ ಬೇರೊಂದು ಊರಿಗೆ ಹೋಗಿದ್ದಾನೆ. ಇನ್ನೊಂದು ವಿಷಯವೂ ಅಕ್ಕನಿಗೆ ಅವನಿಂದಲೇ ತಿಳಿದಿದೆ. ಪೊಲೀಸರು ಅವನನ್ನು ಹಿಡಿದದ್ದು ಇವನು ಹೆಸರು ಬರೆಯುವುದಕ್ಕೆ ಎರಡು ದಿನ ಮೊದಲು. ಇವನು ಬರೆಯುವಾಗ ಅವನು ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿದ್ದ.

ನನಗೆ ಸಂತೋಷ ತಡೆಯಲಾಗಲಿಲ್ಲ. “ಹಾಗಾದರೆ ನಿನ್ನಿಂದ ಏನೂ ಆಗಿಲ್ಲ! ಅವರಿಗೆ ಮೊದಲೇ ಗೊತ್ತಿತ್ತು,” ಎಂದೆ.

ಅವನು ಬೆಚ್ಚಗಿದ್ದ ಹಾಳೆಗಳನ್ನು ತೆಗೆದು, ಅಂಚು ಸಮ ಮಾಡಿ, ಲಕೋಟೆಗೆ ಹಾಕಿಕೊಂಡ.

“ಹೌದು, ಅವರಿಗೆ ಗೊತ್ತಿತ್ತು,” ಎಂದ. “ಬರೆಯುವಾಗ ನನಗೆ ಗೊತ್ತಿರಲಿಲ್ಲವಲ್ಲ.”